ಬೋಲ್ಟು ಕೂತರೆ ಸಾಲದು, ಹಲ್ಲು ಎಣಿಸಿ

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಟುಕೊಂಡವರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ನನ್ನ ತಾಳ್ಮೆ ಕೆಡಿಸುತ್ತದೆ. "ಕಾರನ್ನು 6 ವೋಲ್ಟಿನಿಂದ 12 ವೋಲ್ಟಿಗೆ ಬದಲಿಸಿದೆ. ಹೊಸ ಸ್ಟಾರ್ಟರ್ ತರಿಸಿ ಹಾಕಿದೆ, ಎರಡೂ ಬೋಲ್ಟು ಸಲೀಸಾಗಿ ಕೂತವು. ಆದರೆ ಸೆಲ್ಫ್ ಹೊಡೆದರೆ ಕರಕರ ಸದ್ದು. ಅಂಗಡಿಯವರು ಕೆಟ್ಟ ಮಾಲು ಕೊಟ್ಟರೇ?" ಮಾಲು ಕೆಟ್ಟಿರುವುದಿಲ್ಲ. ಆ ಸ್ಟಾರ್ಟರ್‌ಗೆ ಹೊಂದುವ ಫ್ಲೈವೀಲ್ (ಸ್ಟಾರ್ಟರ್ ಕಚ್ಚಿ ತಿರುಗಿಸುವ, ಅಂಚಿನಲ್ಲಿ ಹಲ್ಲುಗಳಿರುವ ಎಂಜಿನ್ನಿನ ಚಕ್ರ) ಆ ಕಾರಿನಲ್ಲಿ ಇರುವುದಿಲ್ಲ, ಅಷ್ಟೇ.

ಬೋಲ್ಟಿನ ತೂತುಗಳು ಎರಡು ಕಾಲದ ಕಾರುಗಳಲ್ಲೂ ಒಂದೇ ಕಡೆ ಇರುವುದೇ ಈ ಎಲ್ಲ ಗೊಂದಲದ ಮೂಲ. ಕೀಲಿಕೈ ತೂತಿನೊಳಗೆ ಹೋಯಿತೆಂದ ಮಾತ್ರಕ್ಕೆ ಬೀಗ ತೆರೆಯುವುದಿಲ್ಲ. 6 ವೋಲ್ಟ್ ಕಾಲದ ಫ್ಲೈವೀಲ್‌ಗೆ 109 ಹಲ್ಲು, 12 ವೋಲ್ಟಿನದಕ್ಕೆ 130. "ಇಪ್ಪತ್ತೊಂದೇ ಹಲ್ಲಿನ ವ್ಯತ್ಯಾಸ, ಓಡಿಸುತ್ತ ಓಡಿಸುತ್ತ ಸರಿಹೋಗುತ್ತದೆ" ಎನ್ನುವವರಿದ್ದಾರೆ. ದಯವಿಟ್ಟು ಇಲ್ಲಿ ಸ್ವಲ್ಪ ನಿಲ್ಲಿ. ಎರಡು ಚಕ್ರಗಳ ಸುತ್ತಳತೆ ಹೆಚ್ಚುಕಡಿಮೆ ಅಷ್ಟೇ. ಅಷ್ಟೇ ಜಾಗದಲ್ಲಿ 109 ಹಲ್ಲು ಕೂತರೆ ಪ್ರತಿ ಹಲ್ಲೂ ದಪ್ಪ, ನಡುವಿನ ಸಂದು ಅಗಲ. 130 ಕೂತರೆ ಹಲ್ಲು ಸಣ್ಣದು, ಸಂದು ಕಿರಿದು. ಸ್ಟಾರ್ಟರ್‌ನ ಪಿನಿಯನ್ನನ್ನು, ಅಂದರೆ ಅದರ ತುದಿಯ ಪುಟ್ಟ ಹಲ್ಲುಚಕ್ರವನ್ನು, ಇವೆರಡರಲ್ಲಿ ಒಂದಕ್ಕೆ ಹೊಂದುವಂತೆ ಕಡೆದಿರುತ್ತಾರೆ. ಸಣ್ಣ ಹಲ್ಲಿನ ಪಿನಿಯನ್ ದಪ್ಪ ಹಲ್ಲಿನ ಮೇಲೆ ಒಂದೆರಡು ಸಲ ಎಂಜಿನ್ನನ್ನು ತಿರುಗಿಸಿಯೂ ಬಿಡಬಹುದು. ಅದನ್ನೇ ಜನ ಪುರಾವೆಯೆಂದು ಹಿಡಿಯುತ್ತಾರೆ. ಆಗಲೇ ಹಲ್ಲಿನ ಅಂಚು ಚೂರುಚೂರಾಗಿ ಉದುರಲು ಶುರುವಾಗಿರುತ್ತದೆ.

ಆರ್‌ಸಿಯಲ್ಲಿರುವ ಇಸವಿ ನೋಡಿ ಬಿಡಿಭಾಗ ತರಿಸಬೇಡಿ. ಅಮೆರಿಕಕ್ಕೆ ಹೋದ ಬೀಟಲ್‌ಗಳಿಗೆ 1967ರ ಮಾಡೆಲ್‌ನಿಂದ 12 ವೋಲ್ಟ್ ಬಂತು, ಯೂರೋಪಿನಲ್ಲಿ ಕೆಲವು ಮಾಡೆಲ್‌ಗಳು ಆಮೇಲೂ 6 ವೋಲ್ಟಿನಲ್ಲೇ ಬಂದವು. ಅದೂ ಅಲ್ಲದೆ ಇಷ್ಟು ವರ್ಷಗಳಲ್ಲಿ ಯಾರ ಎಂಜಿನ್ ಯಾವ ಗೇರ್‌ಬಾಕ್ಸ್ ಸೇರಿದೆಯೋ ಹೇಳಲಾಗದು. ಎಣಿಸಿ. ಬ್ಯಾಟರಿ ಕಳಚಿ, ಸ್ಟಾರ್ಟರ್ ಹೊರತೆಗೆದರೆ ಆ ಕಿಂಡಿಯಲ್ಲಿ ಹಲ್ಲುಗಳು ಕಾಣುತ್ತವೆ. ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನಿಂದ ಒಬ್ಬರು ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ 30 ಮಿ.ಮೀ. ಸ್ಪ್ಯಾನರ್ ಹಾಕಿ ನಿಧಾನವಾಗಿ ತಿರುಗಿಸಬೇಕು; ಇನ್ನೊಬ್ಬರು ಗುರುತು ಮತ್ತೆ ಬರುವವರೆಗೆ ಎಣಿಸಬೇಕು. ಮೈಸೂರಿನ ನಿವೃತ್ತ ಮೇಷ್ಟರೊಬ್ಬರಿಗೆ ಹೀಗೆ ಹೇಳಿಕೊಟ್ಟಿದ್ದೆ. ತಂದೆಯ ಕಾಲದ ಕಾರು, ಅದರ ಬಗ್ಗೆ ಮಾತಾಡುವಾಗ ಅವರ ದನಿಯೇ ಬದಲಾಗುತ್ತದೆ. ಸಂಜೆ ಫೋನ್ ಮಾಡಿದರು: "ನನ್ನ ಲೆಕ್ಕಕ್ಕೆ 108, ಮೊಮ್ಮಗಳ ಲೆಕ್ಕಕ್ಕೆ 109. ಯಾರದು ಸರಿ ಸಾರ್?" ಮೊಮ್ಮಗಳದೇ ಸರಿ ಎಂದೆ. ಇಂಥ ಗ್ರಾಹಕರಿಗಾಗಿ ಎಷ್ಟು ಹೊತ್ತು ಬೇಕಾದರೂ ಕೂತು ಕೆಲಸ ಮಾಡಬಹುದು.

109 ಬಂದರೆ ಅದೇ ಫ್ಲೈವೀಲ್ ಉಳಿಸಿಕೊಂಡು, 109 ಹಲ್ಲಿಗೆಂದೇ ಮಾಡಿದ 12 ವೋಲ್ಟ್ ಸ್ಟಾರ್ಟರ್ ಹಾಕಿ ಎನ್ನುವುದು ಸಾಮಾನ್ಯವಾಗಿ ನನ್ನ ಸಲಹೆ. ಹಳೆಯ 6 ವೋಲ್ಟ್ ಸ್ಟಾರ್ಟರನ್ನೇ 12 ವೋಲ್ಟಿನಲ್ಲಿ ಓಡಿಸುವವರೂ ಇದ್ದಾರೆ. ಓಡುತ್ತದೆ, ಇಲ್ಲವೆನ್ನಲಾರೆ. ಆದರೆ ಪಿನಿಯನ್ ರಭಸದಿಂದ ಹೋಗಿ ಬಡಿಯುತ್ತದೆ, ಅದನ್ನು ಮುಂದೆ ತಳ್ಳುವ ಸೊಲೆನಾಯ್ಡ್ ಬಿಸಿಯಾಗುತ್ತದೆ. ತಾತ್ಕಾಲಿಕವಾಗಿ ಸರಿ, ಅದೂ ಕೀಲಿ ತಿರುಗಿಸಿ ಹಿಡಿದುಕೊಳ್ಳದಿದ್ದರೆ.

ಫ್ಲೈವೀಲ್ ಬದಲಿಸಿಯೇ ತೀರುತ್ತೇನೆ ಎನ್ನುವವರಿಗೆ ಕೆಲಸ ದೊಡ್ಡದಿದೆ. ಎಂಜಿನ್ ಇಳಿಸಬೇಕು. ಕ್ಲಚ್ ಸಾಮಾನ್ಯವಾಗಿ 180ರಿಂದ 200 ಮಿ.ಮೀ.ಗೆ ಏರುತ್ತದೆ. 130 ಹಲ್ಲಿನದು ವ್ಯಾಸದಲ್ಲಿ ಕೂದಲೆಳೆಯಷ್ಟು ದೊಡ್ಡದಾದ್ದರಿಂದ ಹಳೆಯ ಗೇರ್‌ಬಾಕ್ಸಿನ ಒಳಗೋಡೆಗೆ ಉಜ್ಜುತ್ತದೆ. ಅಲ್ಲಿ ಸಾಣೆ ಹಿಡಿಯಬೇಕು. ಆ ಗೇರ್‌ಬಾಕ್ಸ್ ಮೆಗ್ನೀಸಿಯಂ ಮಿಶ್ರಲೋಹದ್ದು, ಅದರ ಪುಡಿ ಬೆಂಕಿ ಹಿಡಿಯುತ್ತದೆ. ಬೀಡಿ, ವೆಲ್ಡಿಂಗ್ ಕಿಡಿ ಹತ್ತಿರ ಸುಳಿಯಬಾರದು. ಹೊಸ ಫ್ಲೈವೀಲ್ ಕೂರಿಸಿದ ಮೇಲೆ ಕ್ರ್ಯಾಂಕಿನ ಮುಂದುಹಿಂದಿನ ಆಟವನ್ನು ಮತ್ತೆ ಅಳೆಯಬೇಕು: 0.07ರಿಂದ 0.13 ಮಿ.ಮೀ., ಮೂರು ಷಿಮ್‌ಗಳಲ್ಲಿ (ತೆಳು ಲೋಹದ ಉಂಗುರಗಳಲ್ಲಿ). ಹಳೆಯ ಷಿಮ್‌ಗಳನ್ನೇ ಅಳೆಯದೆ ಹಾಕಿ ಮುಚ್ಚಿದ ಎಂಜಿನ್ನೊಂದು ಬೇರೆ ಕಡೆಯಿಂದ ನನ್ನ ಬಳಿಗೆ ಬಂದಿತ್ತು; ಬೇರಿಂಗ್ ತಿಂದು ಕ್ರ್ಯಾಂಕ್‌ಕೇಸಿನವರೆಗೆ ಹೋಗಿತ್ತು. ಫ್ಲೈವೀಲ್ ನಡುವಿನ ನಟ್ಟಿಗೆ ಬೇಕಾದ ಬಿಗಿ ಸುಮಾರು 350 ನ್ಯೂಟನ್ ಮೀಟರ್. ಮಾಮೂಲಿ ಸ್ಪ್ಯಾನರ್‌ಗೆ ಪೈಪು ಸಿಕ್ಕಿಸಿ ಅಂದಾಜಿನಲ್ಲಿ ಬಿಗಿಯುವ ನಟ್ಟಲ್ಲ ಅದು.

ಇನ್ನು ಯಾರೂ ಕೇಳದ ಬುಷ್. ಸ್ಟಾರ್ಟರ್‌ನ ಶಾಫ್ಟಿನ ತುದಿ ಗೇರ್‌ಬಾಕ್ಸಿನೊಳಗೆ ಬೆರಳುಗಾತ್ರದ ಒಂದು ಬುಷ್‌ನಲ್ಲಿ (ಲೋಹದ ಪುಟ್ಟ ಕೊಳವೆಯಲ್ಲಿ) ಕೂರುತ್ತದೆ. 6 ವೋಲ್ಟಿನದಕ್ಕೆ ಅದರ ಒಳವ್ಯಾಸ 12.5 ಮಿ.ಮೀ., 12 ವೋಲ್ಟಿನದಕ್ಕೆ 10.9. ಸಣ್ಣ ಶಾಫ್ಟನ್ನು ದೊಡ್ಡ ಬುಷ್‌ನಲ್ಲಿ ತೂರಿಸಿದರೆ ತುದಿ ಓಲಾಡುತ್ತದೆ, ಪಿನಿಯನ್ ಓರೆಯಾಗಿ ಕಚ್ಚುತ್ತದೆ. ಹಲ್ಲು ಸರಿಯಿದ್ದೂ ಕರಕರ ಎನ್ನುವ ಕಾರುಗಳಲ್ಲಿ ನಾನು ಮೊದಲು ಬೆರಳು ಹಾಕಿ ನೋಡುವುದು ಇಲ್ಲೇ. ಹಳೆಯ ಗೇರ್‌ಬಾಕ್ಸಿಗೆ 12 ವೋಲ್ಟ್ ಸ್ಟಾರ್ಟರ್ ಹಾಕಲು ಬೇರೆಯೇ ಬುಷ್ ಸಿಗುತ್ತದೆ, ಸ್ಟಾರ್ಟರ್ ಬೆಲೆಯ ಮುಂದೆ ಅದು ಏನೂ ಅಲ್ಲ. ಬುಷ್ ಇಲ್ಲದೆ ತನ್ನ ಶಾಫ್ಟನ್ನು ತಾನೇ ಆತುಕೊಳ್ಳುವ ಸ್ಟಾರ್ಟರುಗಳೂ ಇವೆ.

ಆದ್ದರಿಂದ ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವುದಿರಲಿ, ವಿದೇಶದಿಂದ ತರಿಸುವುದಿರಲಿ, ಹಲ್ಲಿನ ಸಂಖ್ಯೆ, ವರ್ನಿಯರ್‌ನಲ್ಲಿ ಅಳೆದ ಬುಷ್‌ನ ಒಳವ್ಯಾಸ, ಫ್ಲೈವೀಲ್ ಬದಲಿಸುವುದಾದರೆ ಕ್ಲಚ್ಚಿನ ಅಳತೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸೆಲ್ಫ್ ನಿಧಾನವಾಗಿ ತಿರುಗುತ್ತಿದೆ ಎಂಬುದಷ್ಟೇ ದೂರಾಗಿದ್ದರೆ ಏನನ್ನೂ ಕೊಳ್ಳಬೇಡಿ. ಗೇರ್‌ಬಾಕ್ಸಿನ ಮೂತಿಯಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಯನ್ನು ಬಿಚ್ಚಿ, ಎರಡೂ ತುದಿಯ ತುಕ್ಕು ಉಜ್ಜಿ ತೆಗೆದು, ಮತ್ತೆ ಬಿಗಿದು ನೋಡಿ.