ಮಿದುಳಿನಲ್ಲೂ ಉಳುವವನೇ ಒಡೆಯ

ಪಾರಿವಾಳದ ರಕ್ತ ತಿಕ್ಕಿದರೆ ಲಕ್ವ ಹೊಡೆದ ಕೈ ಏಳುತ್ತದೆ ಎಂದು ನಂಬುವವರು ನಮ್ಮ ಮಲೆನಾಡಿನಲ್ಲಿ ಈಗಲೂ ಸಿಗುತ್ತಾರೆ. ನಕ್ಕು ಸುಮ್ಮನಾಗಬಹುದು, ಆದರೆ ಅವರ ಹತ್ತಿರ ಸಾಕ್ಷಿ ಇರುತ್ತದೆ. ತಿಕ್ಕಿದ ಹದಿನೈದು ದಿನಕ್ಕೆ ಚಿಕ್ಕಪ್ಪನಿಗೆ ಕೈ ಎತ್ತಲು ಬಂತು ಅನ್ನುತ್ತಾರೆ. ಬಂದದ್ದು ನಿಜವೇ ಇರಬೇಕು. ತಿಕ್ಕದಿದ್ದರೂ ಬರುತ್ತಿತ್ತು.

ಲಕ್ವದಲ್ಲಿ ರಕ್ತನಾಳ ಕಟ್ಟಿಕೊಂಡೋ ಒಡೆದೋ ಮಿದುಳಿನ ಒಂದು ತುಣುಕು ಸಾಯುತ್ತದೆ. ಆ ತುಣುಕು ಮರಳಿ ಬೆಳೆಯುವುದಿಲ್ಲ. ಆದರೆ ಅದರ ಸುತ್ತ ಸಾಯದೆ ಬರೀ ಮಂಕಾಗಿ ಕೂತ ನರಕೋಶಗಳಿರುತ್ತವೆ. ಬಾವು ಇಳಿದಂತೆ ಅವು ಕೆಲಸಕ್ಕೆ ಮರಳುತ್ತವೆ. ಪೆಟ್ಟು ಬಿದ್ದ ಜಾಗದೊಂದಿಗೆ ನಂಟಿದ್ದ ದೂರದ ಭಾಗಗಳೂ ಸ್ವಲ್ಪ ಕಾಲ ಸ್ತಬ್ಧವಾಗಿ ಆಮೇಲೆ ಎಚ್ಚರಗೊಳ್ಳುತ್ತವೆ. ತಾನಾಗಿ ಬರುವ ಚೇತರಿಕೆಯ ಬಹುಪಾಲು ಮೊದಲ ಮೂರು ತಿಂಗಳಲ್ಲೇ ಆಗುವುದು. ರಕ್ತ, ಎಣ್ಣೆ, ತಾಯತ ಎಲ್ಲವೂ ನಡೆಯುವುದು ಅದೇ ಹೊತ್ತಿನಲ್ಲಿ, ಹೆಸರೂ ಅವಕ್ಕೇ ಹೋಗುತ್ತದೆ. ಹೆಸರು ಹೋದರೆ ಹೋಗಲಿ. ನನಗೆ ಸಿಟ್ಟು ಬರುವುದು ಕಳೆದುಹೋಗುವ ಸಮಯಕ್ಕೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಅವಧಿ ಲಕ್ವ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೇ ಸುಮಾರು 60 ಕಿಲೋಮೀಟರು, ಆಗುಂಬೆ ಕಡೆಯವರಿಗೆ ಇನ್ನೂ ದೂರ. ಪಾರಿವಾಳ ಹುಡುಕುತ್ತಾ ಕೂತರೆ ಆಯಿತು!

ಸರಿ, ತಾನಾಗಿ ಬರುವುದು ಬಂದ ಮೇಲೆ? ನರಕೋಶಗಳನ್ನು ಅಷ್ಟು ಸೊಗಸಾಗಿ ಚಿತ್ರಿಸಿ 1906ರಲ್ಲಿ ನೊಬೆಲ್ ಪಡೆದ ಸ್ಪೇನಿನ ರಮೋನ್ ಇ ಕಹಾಲ್, ವಯಸ್ಕರ ಮಿದುಳಿನ ನರಮಾರ್ಗಗಳು ಸ್ಥಿರ, ಅಲ್ಲಿ ಸತ್ತದ್ದು ಮರಳದು ಎಂದು ಬರೆದಿದ್ದರು. ದೊಡ್ಡವರ ಮಾತು, ದಶಕಗಟ್ಟಲೆ ಪಾಠವಾಗಿ ಉಳಿಯಿತು. 1937ರಲ್ಲಿ ಮಿದುಳಿನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್, ಎಚ್ಚರವಿದ್ದ ರೋಗಿಗಳ ಮಿದುಳನ್ನು ವಿದ್ಯುತ್ತಿನಿಂದ ಮುಟ್ಟಿ ನೋಡಿ, ಯಾವ ಅಂಗಕ್ಕೆ ಎಷ್ಟು ಜಾಗ ಎಂಬ ನಕ್ಷೆಯನ್ನೇ ಕೊಟ್ಟರು. ಕೈಗೆ, ತುಟಿಗೆ ಧಾರಾಳ. ಇಡೀ ಬೆನ್ನಿಗೆ ಚೂರೇ ಚೂರು. ನಕ್ಷೆ ಬಂದ ಮೇಲಂತೂ ಮಿದುಳೆಂದರೆ ಗಡಿಕಲ್ಲು ನೆಟ್ಟ ಜಮೀನು ಎಂದೇ ಜನ ತಿಳಿದರು.

ಜಮೀನಿನ ವಿಷಯ ನಮ್ಮವರಿಗೆ ಹೇಳಿಕೊಡಬೇಕಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು, ಗೇಯುವವನಿಗೇ ಭೂಮಿಯ ಹಕ್ಕು ಎಂಬ ಮಾತಿಗಾಗಿ. ಮಿದುಳಿನ ಜಮೀನು ಶುರುವಿನಿಂದಲೂ ನಡೆದಿರುವುದು ಆ ಕಾನೂನಿನ ಮೇಲೆಯೇ. ಬೀಳು ಬಿಟ್ಟರೆ ಪಕ್ಕದವನು ಬೇಲಿ ಸರಿಸುತ್ತಾನೆ. 1996ರಲ್ಲಿ ರಾಂಡಾಲ್ಫ್ ನ್ಯೂಡೋ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಅಳಿಲು ಮಂಗ ಎಂಬ ಪುಟ್ಟ ಜಾತಿಯ ಮಂಗಗಳ ಮಿದುಳಿನಲ್ಲಿ ಕೈಗೆ ಸೇರಿದ ಜಾಗದ ಒಂದು ಚೂರನ್ನು ಹಾಳು ಮಾಡಿದರು. ತರಬೇತಿಯಿಲ್ಲದೆ ಬಿಟ್ಟ ಮಂಗಗಳಲ್ಲಿ ಪೆಟ್ಟೇ ಬೀಳದ, ಚೆನ್ನಾಗಿದ್ದ ಕೈಜಾಗವೂ ಕುಗ್ಗಿತು. ಮೊಣಕೈ, ಭುಜಗಳು ಒತ್ತುವರಿ ಮಾಡಿದವು. ಪುಟ್ಟ ಗುಳಿಯಿಂದ ಅದೇ ಕೈಯಲ್ಲಿ ತಿಂಡಿ ತೆಗೆಯುವಂತೆ ದಿನವೂ ದುಡಿಸಿದ ಮಂಗಗಳಲ್ಲಿ ಕೈಯ ಜಾಗ ಉಳಿಯಿತು, ಕೆಲವದರಲ್ಲಿ ಭುಜದ ಕಡೆಗೇ ಚಾಚಿತು.

ಬೇಲಿ ಸರಿಯುವುದು ಹೇಗೆ? ಅಕ್ಕಪಕ್ಕದ ಭಾಗಗಳ ನಡುವೆ ತೆಳುವಾದ ಸಂಪರ್ಕಗಳು ಮೊದಲಿನಿಂದಲೂ ಇರುತ್ತವೆ, ಆದರೆ ಗಾಬಾ ಎಂಬ ರಾಸಾಯನಿಕ ಸುರಿಸುವ ಕಾವಲು ಕೋಶಗಳು ಅವುಗಳ ಬಾಯಿ ಮುಚ್ಚಿಸಿರುತ್ತವೆ. ಪೆಟ್ಟು ಬಿದ್ದಾಗ ಆ ಅಂಚಿನ ಕಾವಲು ಅಲ್ಲಲ್ಲಿ ಸಡಿಲಾಗುತ್ತದೆ, ಹಳೆಯ ಸಂಪರ್ಕಗಳು ಬಾಯಿಬಿಡುತ್ತವೆ. ಒಟ್ಟೊಟ್ಟಿಗೆ ಮತ್ತೆ ಮತ್ತೆ ಮಿಡಿಯುವ ಕೋಶಗಳ ಕೊಂಡಿ ಗಟ್ಟಿಯಾಗುತ್ತದೆ ಎಂದು ಮನೋವಿಜ್ಞಾನಿ ಡೊನಾಲ್ಡ್ ಹೆಬ್ 1949ರಲ್ಲೇ ಊಹಿಸಿದ್ದರು. ಹಾಗೆ ಗಟ್ಟಿಯಾದವು ನಿಲ್ಲುತ್ತವೆ. ವಾರಗಳು ಕಳೆದಂತೆ ನರತಂತುಗಳು ಹೊಸ ಕವಲನ್ನೂ ಒಡೆಯುತ್ತವೆ. ಹೊಸ ಕೋಶ ಹುಟ್ಟಲಿಲ್ಲ, ಇದ್ದವರೇ ಖಾತೆ ಬದಲಿಸಿಕೊಂಡರು.

ಈಗ ನಮ್ಮ ಮನೆಗಳಿಗೆ ಬನ್ನಿ. ಬಲಗೈ ಸೋತ ಯಜಮಾನರಿಗೆ ಮಗಳು ತುತ್ತಿಡುತ್ತಾಳೆ, ಸೊಸೆ ಗುಂಡಿ ಹಾಕುತ್ತಾಳೆ, ಮಿಕ್ಕದ್ದನ್ನು ಎಡಗೈ ನೋಡಿಕೊಳ್ಳುತ್ತದೆ. ಪ್ರೀತಿಯೇನೋ ಹೌದು, ಆದರೆ ಬಲಗೈಯ ಜಮೀನು ಬೀಳು ಬಿತ್ತು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್ ಮಂಗಗಳಲ್ಲಿ ಕಂಡದ್ದು ಇದನ್ನೇ. ಒಂದು ಕೈಯ ಸ್ಪರ್ಶದ ನರ ಕತ್ತರಿಸಿದರೆ ಮಂಗ ಆ ಕೈಯನ್ನು ಮರೆತೇಬಿಡುತ್ತಿತ್ತು. ಒಳ್ಳೆಯ ಕೈಯನ್ನು ಕಟ್ಟಿಹಾಕಿದರೆ ಮರೆತ ಕೈ ಎದ್ದು ಬರುತ್ತಿತ್ತು. ಅದನ್ನೇ ಮನುಷ್ಯರಿಗೆ ತಂದರು. 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಪರೀಕ್ಷೆಯಲ್ಲಿ, ಲಕ್ವ ಬಂದು 3ರಿಂದ 9 ತಿಂಗಳಾದ 222 ಜನರನ್ನು ತೆಗೆದುಕೊಂಡು, ಒಂದು ಗುಂಪಿನವರ ಚೆನ್ನಾಗಿದ್ದ ಕೈಗೆ ಎರಡು ವಾರ ಗವಸು ತೊಡಿಸಿ, ಸೋತ ಕೈಯನ್ನು ದಿನಕ್ಕೆ ಗಂಟೆಗಟ್ಟಲೆ ದುಡಿಸಿದರು. ಮಾಮೂಲಿ ಆರೈಕೆ ಪಡೆದವರಿಗಿಂತ ಅವರ ಕೈ ಚುರುಕಾಯಿತು, ಒಂದು ವರ್ಷದ ಮೇಲೂ ಆ ಗಳಿಕೆ ಉಳಿದಿತ್ತು.

ಹಾಗಂತ ಇವತ್ತೇ ಅಜ್ಜನ ಎಡಗೈ ಕಟ್ಟಬೇಡಿ. ಆ ಪರೀಕ್ಷೆಗೆ ಸೇರಿಸಿಕೊಂಡದ್ದು ಮಣಿಕಟ್ಟು, ಬೆರಳನ್ನು ಸ್ವಲ್ಪವಾದರೂ ಮೇಲೆತ್ತಬಲ್ಲವರನ್ನು. ಲಕ್ವ ಹೊಡೆದ ಮೊದಲ 24 ಗಂಟೆಯೊಳಗೇ ರೋಗಿಯನ್ನು ಪದೇ ಪದೇ ಎಬ್ಬಿಸಿ ನಡೆಸಿದರೆ ಫಲಿತಾಂಶ ಕೆಡುತ್ತದೆಂದು 2015ರ ಇನ್ನೊಂದು ಪರೀಕ್ಷೆ ತೋರಿಸಿದೆ. ಫಿಸಿಯೋಥೆರಪಿಯವರನ್ನು ಕೇಳಿಯೇ ಶುರುಮಾಡಿ. ಅಡಿಕೆ ಕೊನೆಗೊಯ್ಲಿನ ಕಾಲವೆಂದು ಸೋತ ಕೈಯನ್ನು ಸುಲಿಯುವ ಮೆಟ್ಟುಗತ್ತಿಗೆ ಒಡ್ಡುವುದಂತೂ ಬೇಡವೇ ಬೇಡ. ಸುಲಿದ ಅಡಿಕೆಯನ್ನು ಒಂದೊಂದಾಗಿ ಹೆಕ್ಕಿ ಬುಟ್ಟಿಗೆ ಹಾಕಲಿ. ಎಲೆಯ ತೊಟ್ಟು ಮುರಿದು, ಬೆರಳ ತುದಿಯಲ್ಲಿ ಸುಣ್ಣ ಸವರಿ, ಮಡಿಸಿ ಕವಳ ಕಟ್ಟಲಿ. ಹೆಬ್ಬೆರಳಿಗೂ ತೋರುಬೆರಳಿಗೂ ಇಷ್ಟು ಕೆಲಸ ಕೊಡುವ ವ್ಯಾಯಾಮ ಯಾವ ಆಸ್ಪತ್ರೆಯಲ್ಲೂ ಸಿಗಲಿಕ್ಕಿಲ್ಲ. ಕಟ್ಟಿದ್ದನ್ನು ತಾವು ಹಾಕಿಕೊಳ್ಳುವುದು ಮಾತ್ರ ಬೇಡ, ನುಂಗುವ ಶಕ್ತಿ ಕುಂದಿದವರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿದೆ. ಅದೂ ಅಲ್ಲದೆ, ಬೆಳೆಗಾರರು ಮುನಿಸಿಕೊಂಡರೂ ಸರಿ, ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿಬಿಟ್ಟಿದೆ.