ಎಂಎಲ್‌ಎ ಮನೆ ಜಗಲಿಯಲ್ಲಿ ಅಷ್ಟೊಂದು ಜನ ಯಾಕೆ?

ಸಾಗರ, ಸೊರಬ, ಹೊಸನಗರದ ಕಡೆ ಯಾವ ಕ್ಯಾಂಟೀನಲ್ಲಿ ಕೂತರೂ ಎಂಎಲ್‌ಎ ಬಗ್ಗೆ ಎರಡು ದೂರು ಕಿವಿಗೆ ಬೀಳುತ್ತವೆ. ಕೈಗೆ ಸಿಗಲ್ಲ ಅನ್ನುವುದು ಒಂದು, ಸದನದಲ್ಲಿ ಬಾಯಿ ಬಿಡಲ್ಲ ಅನ್ನುವುದು ಇನ್ನೊಂದು. ತಮಾಷೆ ಅಂದರೆ ಎರಡನ್ನೂ ಹೇಳುವವರು ಹೆಚ್ಚಾಗಿ ಒಬ್ಬರೇ. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕು ಅಂತ 2005ರಲ್ಲೇ ಕಾಯ್ದೆ ಆಗಿದೆ. ಅಷ್ಟು ದಿನ ನಡೆಯುವುದು ಅಪರೂಪ. ಹಾಗಾದರೆ ಉಳಿದ ಮುನ್ನೂರು ಚಿಲ್ಲರೆ ದಿನ ಶಾಸಕರು ಏನು ಮಾಡುತ್ತಾರೆ? ಮಲೆನಾಡಿನಲ್ಲಂತೂ ಅದರ ಬಹುಪಾಲು ಜಮೀನಿನ ಕಾಗದ ನೋಡುವುದರಲ್ಲೇ ಹೋಗುತ್ತದೆ. ಇದು ಅವರು ತಾವಾಗಿ ಮೈಮೇಲೆ ಎಳೆದುಕೊಂಡ ಕೆಲಸ ಅಲ್ಲ. ಕಾನೂನೇ ತಂದು ಕೊಟ್ಟಿದ್ದು.

ಇದರ ಬೇರು ಕಾಗೋಡಿನಲ್ಲಿದೆ. 1951ರಲ್ಲಿ ಸಾಗರದ ಹತ್ತಿರದ ಆ ಹಳ್ಳಿಯ ಗೇಣಿದಾರರು ಜಮೀನಿನ ಒಡೆಯರ ವಿರುದ್ಧ ನಿಂತರು. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯೇ ಜಗಳದ ಮೂಲ. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು, ಸಮಾಜವಾದಿಗಳು ಜೊತೆಗೆ ಬಂದರು, ರಾಮಮನೋಹರ ಲೋಹಿಯಾ ಇಲ್ಲಿಗೇ ಬಂದು ಬಂಧನಕ್ಕೊಳಗಾದರು. ಮಾರನೇ ವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರದಿಂದ ಗೆದ್ದು ವಿಧಾನಸಭೆಗೆ ಹೋದರು. 'ಒಂದು ಓಟು, ಒಂದು ನೋಟು' ಅಂತ ಕೇಳಿ ಗೆದ್ದವರು ಅವರು. ನೋಟು ಮತದಾರರ ಜೇಬಿಂದ ಅಭ್ಯರ್ಥಿಯ ಕಡೆಗೆ ಬರುತ್ತಿದ್ದ ಕಾಲ ಅದು. ಈಗ ದಾರಿ ತಿರುಗಿದೆ, ಅದನ್ನು ಬಿಡಿ. ಇಲ್ಲಿನ ಜನಕ್ಕೆ ಎಂಎಲ್‌ಎ ಅಂದರೆ ಮೊದಲಿಂದಲೂ ಜಮೀನಿನ ಪರ ಮಾತಾಡುವವನು ಅನ್ನುವುದು ಮುಖ್ಯ.

ಆದರೆ ಆಗ ಶಾಸಕರ ಕೆಲಸ ಮಾತಾಡುವುದು ಮಾತ್ರ. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂ ಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದ ಮೇಲೆ ಗೇಣಿದಾರರು ಉಳುವ ಜಮೀನು ತಮ್ಮ ಹೆಸರಿಗಾಗಲು ಫಾರಂ 7 ತುಂಬಿ ಭೂನ್ಯಾಯ ಮಂಡಳಿಗೆ ಕೊಡಬೇಕಾಯಿತು. ಮಲೆನಾಡಿನ ಹಿರಿಯರು ಇವತ್ತಿಗೂ ಅದನ್ನು 'ಡಿಕ್ಲರೇಷನ್ ಹಾಕಿದ್ದು' ಅಂತಲೇ ಹೇಳುವುದು. ಮಂಡಳಿಗೆ ಎಸಿ ಸಾಹೇಬರು, ಅಂದರೆ ಅಸಿಸ್ಟೆಂಟ್ ಕಮಿಷನರ್, ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು. ಮೊದಮೊದಲು ಅಲ್ಲಿ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಓದು ಬಾರದ ಗೇಣಿದಾರ ಯಾರ ಮನೆ ಬಾಗಿಲಿಗೆ ಹೋಗಬೇಕು? ಊರಿನ ಲೀಡರ್ ಮನೆಗೆ. ಕಾಗದ ಹಿಡಿದು ಅಲ್ಲಿಗೆ ಹೋಗುವ ಅಭ್ಯಾಸ ಆಗಿನಿಂದಲೇ ಗಟ್ಟಿಯಾಯಿತು ಅಂತ ನನ್ನ ಲೆಕ್ಕ.

ಶಾಸಕರನ್ನು ಇದಕ್ಕೆ ಪೂರ್ತಿ ಕಟ್ಟಿಹಾಕಿದ್ದು 1991. ಭೂಕಂದಾಯ ಕಾಯ್ದೆಗೆ 94ಎ ಅನ್ನುವ ಕಲಂ ಸೇರಿತು. 1990ರ ಏಪ್ರಿಲ್ 14ಕ್ಕಿಂತ ಮುಂಚೆ ಸರ್ಕಾರಿ ಜಮೀನು ಸಾಗುವಳಿ ಮಾಡಿಕೊಂಡು ಬಂದವರು ಫಾರಂ 50 ಹಾಕಿದರೆ ಸಕ್ರಮ ಮಾಡಬಹುದು ಅಂತಾಯಿತು. ಇದೇ ಬಗರ್ ಹುಕುಂ. ಆಮೇಲೆ ಫಾರಂ 53 ಬಂತು, 2018ರಲ್ಲಿ ಫಾರಂ 57 ಬಂತು. ಮಂಜೂರಾತಿ ತೀರ್ಮಾನಿಸುವ ಸಮಿತಿಗೆ ಶಾಸಕರೇ ಅಧ್ಯಕ್ಷರು, ತಹಸೀಲ್ದಾರರು ಕಾರ್ಯದರ್ಶಿ. ಕಾನೂನು ಮಾಡಬೇಕಾದ ಮನುಷ್ಯನೇ ಸರ್ವೆ ನಂಬರ್, ಎಕರೆ, ಗುಂಟೆ ನೋಡುತ್ತಾ ಕೂರಬೇಕು. ಹೊಸ ಸರ್ಕಾರ ಬಂದಾಗ ಸಮಿತಿಯೂ ಹೊಸದಾಗಿ ರಚನೆಯಾಗಬೇಕು, ಅಲ್ಲಿವರೆಗೆ ಫೈಲು ಬೀರುವಿನಲ್ಲಿ. ಅಧ್ಯಕ್ಷರನ್ನು ಬಿಟ್ಟು ಜನ ಇನ್ಯಾರನ್ನು ಹುಡುಕಿಕೊಂಡು ಹೋಗಬೇಕು, ಹೇಳಿ.

ಒಮ್ಮೆ ಮಳೆಗಾಲದಲ್ಲಿ ಇಂಥ ಒಬ್ಬ ಶಾಸಕರ ಜಗಲಿಯಲ್ಲಿ ಬೆಳಿಗ್ಗೆ ಕೂತಿದ್ದೆ. ಏಳು ಗಂಟೆಗೇ ಪ್ಲಾಸ್ಟಿಕ್ ಕುರ್ಚಿಗಳು ಭರ್ತಿ, ಮೂಲೆಯಲ್ಲಿ ಒದ್ದೆ ಕೊಡೆಗಳ ರಾಶಿ. ಪಿಎ ಕೈಯಲ್ಲಿ ಎರಡು ಫೋನು. ಒಬ್ಬ ಅಜ್ಜ ಅಂಗಿಯೊಳಗಿಂದ ಪ್ಲಾಸ್ಟಿಕ್ ಕವರ್ ತೆಗೆದರು, ಅದರೊಳಗೆ ಇನ್ನೊಂದು ಕವರ್, ಅದರೊಳಗೆ ಮಡಿಕೆಯಲ್ಲೇ ಹರಿದುಹೋಗುತ್ತಿದ್ದ ಫಾರಂ 50ರ ರಸೀದಿ.

"ಏನ್ ಅಜ್ಜ, ಅಡಿಕೆಗೆ ಔಷಧಿ ಹೊಡೆಸಿದ್ರಾ?"

"ಹೊಡೆಸಿದ್ವಿ ಸಾಹೇಬ್ರೆ, ಆದ್ರೂ ಕೊಳೆ ಬಿಡ್ಲಿಲ್ಲ. ಅದಿರ್ಲಿ, ಇದೊಂದು ನೋಡಿ."

ಶಾಸಕರು ನೋಡಿದರು. ಸರ್ವೆ ನಂಬರ್ ಓದುತ್ತಿದ್ದಂತೆ ಮುಖ ಸಣ್ಣದಾಯಿತು. ಜಾಗ ಕಾಗದದಲ್ಲಿ ಅರಣ್ಯ. "ನೋಡಣ ಅಜ್ಜ, ಮೀಟಿಂಗಿಗೆ ಇಡ್ಸ್ತೀನಿ" ಅಂದರು. ಆಗಲ್ಲ ಅಂತ ಅವರಿಗೂ ಗೊತ್ತು, ಬಹುಶಃ ಅಜ್ಜನಿಗೂ ಗೊತ್ತು.

ಮಲೆನಾಡಿನ ನಿಜವಾದ ತೊಡಕು ಇದು. ಕಾನು (ದಟ್ಟ ಹಸಿರು ಕಾಡಿನ ತುಂಡು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಬೆಟ್ಟ), ಡೀಮ್ಡ್ ಅರಣ್ಯ (ಅಧಿಸೂಚನೆ ಆಗದಿದ್ದರೂ ಅರಣ್ಯ ಅಂತಲೇ ಎಣಿಸಿದ ಜಾಗ) ಅಂತ ಹೆಸರು ಬಿದ್ದ ಜಾಗಕ್ಕೆ ಶಾಸಕರ ಸಹಿ ನಡೆಯುವುದಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯ ಜಮೀನು ಬಿಡಿಸಬೇಕಾದರೆ ದೆಹಲಿಯ ಒಪ್ಪಿಗೆ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 75 ವರ್ಷದ ದಾಖಲೆ ತೋರಿಸಬೇಕು. ಶರಾವತಿ ಮುಳುಗಡೆಯವರ ಕಥೆ ಇನ್ನೂ ಕಷ್ಟದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಮನೆ, ಗದ್ದೆ ಬಿಟ್ಟು ಬಂದವರಿಗೆ ಕಾಡಿನಲ್ಲಿ ಜಾಗ ತೋರಿಸಿದರು. ಅದರಲ್ಲಿ ಎಷ್ಟೋ ಜಾಗ ಕಾಗದದಲ್ಲಿ ಕಾಡಾಗಿಯೇ ಉಳಿಯಿತು. ನಾಡಿಗೆಲ್ಲ ಕರೆಂಟ್ ಕೊಡಲು ಎದ್ದು ಬಂದವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರ ಕೇಳುತ್ತಿದ್ದಾರೆ. ಪ್ರತಿ ಚುನಾವಣೆಯಲ್ಲೂ ಎಲ್ಲ ಪಕ್ಷದವರೂ ಭರವಸೆ ಕೊಡುತ್ತಾರೆ. ಕಾಗೋಡಿನವರೇ ಆದ ಕಾಗೋಡು ತಿಮ್ಮಪ್ಪ 2016ರಲ್ಲಿ ಕಂದಾಯ ಮಂತ್ರಿಯಾದರು, ಆದರೂ ಇದು ಪೂರ್ತಿ ಬಗೆಹರಿಯಲಿಲ್ಲ. ಒಬ್ಬ ಎಂಎಲ್‌ಎಯನ್ನು ಬೈದು ಏನು ಪ್ರಯೋಜನ?

ಹೊರೆ ಹೆಚ್ಚಲು ಬೇರೆ ಕಾರಣಗಳೂ ಇವೆ. 2008ರಲ್ಲಿ ಕ್ಷೇತ್ರಗಳ ಗಡಿ ಬದಲಾಗಿ ಹೊಸನಗರ ಕ್ಷೇತ್ರವೇ ಇಲ್ಲವಾಯಿತು, ತಾಲ್ಲೂಕು ಸಾಗರ ಮತ್ತು ತೀರ್ಥಹಳ್ಳಿಗೆ ಹಂಚಿಹೋಯಿತು. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ಮಾಡಲಿಲ್ಲ. ಕಾಲುಸಂಕ, ಶಾಲೆ ಹೆಂಚು, ಕುಡಿಯುವ ನೀರು ಅಂತ ಜಿಲ್ಲಾ ಪಂಚಾಯ್ತಿ ಸದಸ್ಯರ ಹತ್ತಿರ ನಿಲ್ಲುತ್ತಿದ್ದ ದೂರುಗಳೂ ಶಾಸಕರ ಜಗಲಿಗೇ ಬಂದವು.

ಹತ್ತು ಗಂಟೆ ಮೇಲೆ ಕಾರು. ಗುದ್ದಲಿ ಪೂಜೆ, ಗೃಹಪ್ರವೇಶ, ಸಾವಿನ ಮನೆ. ಮದುವೆ ಸೀಸನ್ನಿನಲ್ಲಂತೂ ಒಂದು ಮಂಟಪದಲ್ಲಿ ಅಕ್ಷತೆ, ಇನ್ನೊಂದರಲ್ಲಿ ಊಟ, ಮೂರನೆಯದರಲ್ಲಿ ಬರೀ ಫೋಟೋ. ಇದೆಲ್ಲ ಸುಮ್ನೆ ಟೈಮ್ ವೇಸ್ಟ್ ಅಂತ ಪೇಟೆಯವರು ಹೇಳಬಹುದು. ಆದರೆ ಸಾವಿಗೆ ಬರಲಿಲ್ಲ ಅನ್ನುವ ಮಾತನ್ನು ಹಳ್ಳಿ ಐದು ವರ್ಷ ನೆನಪಿಡುತ್ತದೆ. ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದರೆ ಶಾಸಕರ ಭವನದ ರೂಮಿನಲ್ಲೂ ಊರಿನವರೇ. ಕಿದ್ವಾಯಿಗೋ ಜಯದೇವ ಆಸ್ಪತ್ರೆಗೋ ಒಂದು ಲೆಟರ್ ಬೇಕು ಅಂತ ಕಾಯುತ್ತಿರುತ್ತಾರೆ.

ಈಗ ಬಗರ್ ಹುಕುಂ ಅರ್ಜಿಗೆ ಆ್ಯಪ್ ಬಂದಿದೆ. ಜಮೀನಿನಲ್ಲಿ ನಿಜವಾಗಿ ಸಾಗುವಳಿ ಇತ್ತಾ ಅಂತ ಉಪಗ್ರಹದ ಚಿತ್ರ ಇಟ್ಟು ನೋಡುತ್ತಾರೆ. ಸುಳ್ಳು ಅರ್ಜಿ ತಡೆಯಲು ಒಳ್ಳೆಯದೇ. ಮರದ ನೆರಳಲ್ಲಿ ಏಲಕ್ಕಿ, ಮೆಣಸು ಬೆಳೆದವನ ಜಾಗ ಮೇಲಿಂದ ನೋಡಿದರೆ ತೋಟ ಅನ್ನಿಸುತ್ತದಾ, ಕಾಡು ಅನ್ನಿಸುತ್ತದಾ ಅನ್ನುವುದು ನನ್ನ ಅನುಮಾನ. ಕಾಡು ಅಂತ ಬಂದರೆ ಅವನು ಆ್ಯಪ್ ಜೊತೆ ಜಗಳ ಆಡೋಕಾಗಲ್ಲ ಅಲ್ವಾ, ಸಮಿತಿ ಅಧ್ಯಕ್ಷರ ಮನೆಗೇ ಬರುತ್ತಾನೆ.