ಆಸ್ಪತ್ರೆ ಕಾನೂನಿನಿಂದ ದರ ಎಲ್ಲಿ ಜಾರಿಹೋಗುತ್ತದೆ?

ರಾತ್ರಿ ಎರಡು ಗಂಟೆಗೆ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಕ್ಯಾಷುವಾಲ್ಟಿಗೆ ಅಪ್ಪನನ್ನು ಕರೆತಂದ ಮಗನ ಕೈಗೆ ಎಸ್ಟಿಮೇಟ್ ಚೀಟಿ ಬರುತ್ತದೆ. ಐಸಿಯುಗೆ ದಿನಕ್ಕೆ ಇಷ್ಟು, ವೆಂಟಿಲೇಟರ್‌ಗೆ ಇಷ್ಟು, ಔಷಧಿ ಬೇರೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಸೊಪ್ಪಿಗೆ ಚೌಕಾಸಿ ಮಾಡುವ ಮನುಷ್ಯ ಇಲ್ಲಿ ಸುಮ್ಮನೆ ಸಹಿ ಹಾಕುತ್ತಾನೆ. ಏನು ಬೇಕೆಂದು ಹೇಳುವವರೂ ಅವರೇ, ಅದನ್ನು ಮಾರುವವರೂ ಅವರೇ. ಬೇಡ ಎನ್ನಲು ಅವನಿಗೆ ತಿಳಿವಳಿಕೆಯೂ ಇಲ್ಲ, ಸಮಯವೂ ಇಲ್ಲ. ವೈದ್ಯ ಮತ್ತು ರೋಗಿಯ ನಡುವಿನ ಈ ಮಾಹಿತಿಯ ಅಂತರದಿಂದಾಗಿ ಚಿಕಿತ್ಸೆಯ ಮಾರುಕಟ್ಟೆ ಉಳಿದ ಮಾರುಕಟ್ಟೆಗಳಂತೆ ನಡೆಯುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ವಿವರಿಸಿದ್ದರು. ಆದ್ದರಿಂದ ದರಕ್ಕೆ ಕಾನೂನಿನ ಕಡಿವಾಣ ಬೇಕು. ಆದರೆ ಮಸೂದೆ ಪಾಸಾಗುವ ಹಾದಿಯಲ್ಲಿ ಮೊದಲು ಉದುರುವುದು ದರದ ಕಲಮೇ.

ದೇಶಕ್ಕೆಲ್ಲ ಒಂದೇ ಕಾನೂನು ಮಾಡಬಾರದೇ ಎಂದು ಕೇಳುವವರುಂಟು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯಪಟ್ಟಿಯ 6ನೇ ನಮೂದು. ವೈದ್ಯಕೀಯ ಶಿಕ್ಷಣ ಮತ್ತು ವೃತ್ತಿ ಮಾತ್ರ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿವೆ. ಹಾಗಾಗಿ ವೈದ್ಯರ ದೇಶವ್ಯಾಪಿ ಮುಷ್ಕರದ ನಡುವೆಯೂ 2019ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯನ್ನು ಸಂಸತ್ತು ತಾನೇ ಮಾಡಿತು, ಆಸ್ಪತ್ರೆಯ ಬಿಲ್ಲಿಗೆ ಹಾಗೆ ನೇರವಾಗಿ ಕೈಹಾಕಲು ಬರುವುದಿಲ್ಲ. ಉಳಿದಿರುವ ದಾರಿ 252ನೇ ವಿಧಿ: ಎರಡು ಅಥವಾ ಹೆಚ್ಚು ರಾಜ್ಯಗಳ ಶಾಸನಸಭೆಗಳು ನಿರ್ಣಯ ಮಾಡಿ ಕೇಳಿಕೊಂಡರೆ ಆ ರಾಜ್ಯಗಳಿಗೆ ಸಂಸತ್ತು ಕಾನೂನು ಮಾಡಬಹುದು, ಬೇರೆ ರಾಜ್ಯಗಳು ಆಮೇಲೆ ಸೇರಿಕೊಳ್ಳಬಹುದು. ಆಸ್ಪತ್ರೆ, ಕ್ಲಿನಿಕ್‌ಗಳ ನೋಂದಣಿ ಮತ್ತು ನಿಯಂತ್ರಣಕ್ಕೆಂದು 2010ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆ ಹುಟ್ಟಿದ್ದು ಹೀಗೆ. ಕೇಳಿಕೊಂಡವು ಅರುಣಾಚಲ, ಹಿಮಾಚಲ, ಮಿಜೋರಾಂ, ಸಿಕ್ಕಿಂ. ದೊಡ್ಡ ಖಾಸಗಿ ಆಸ್ಪತ್ರೆಗಳ ಮಹಾನಗರವಿರುವ ರಾಜ್ಯ ಇವುಗಳಲ್ಲಿ ಒಂದೂ ಇಲ್ಲ. 252ರಲ್ಲಿ ಇನ್ನೊಂದು ತೊಡಕಿದೆ. ಒಮ್ಮೆ ಒಪ್ಪಿಕೊಂಡ ಕಾನೂನನ್ನು ಆ ರಾಜ್ಯ ತಾನಾಗಿ ತಿದ್ದುವಂತಿಲ್ಲ, ಸಂಸತ್ತೇ ತಿದ್ದಬೇಕು. ಯಾವ ಮುಖ್ಯಮಂತ್ರಿ ತನ್ನ ಕೈಯನ್ನು ತಾನೇ ಕಟ್ಟಿಕೊಂಡಾರು?

ಆ ಕಾಯ್ದೆಯ 2012ರ ನಿಯಮಗಳಲ್ಲಿ ದರದ ಮಾತು ಇದೆ. ರಾಜ್ಯಗಳ ಜೊತೆ ಸಮಾಲೋಚಿಸಿ ಕೇಂದ್ರ ಒಂದು ದರಶ್ರೇಣಿ ಗೊತ್ತುಮಾಡಬೇಕು, ಆಸ್ಪತ್ರೆಗಳು ಅದರೊಳಗೆ ಬಿಲ್ ಮಾಡಬೇಕು. ಹನ್ನೆರಡು ವರ್ಷವಾದರೂ ಶ್ರೇಣಿ ಗೊತ್ತಾಗಿರಲಿಲ್ಲ. ರಾಜ್ಯಗಳು ಉತ್ತರಿಸುತ್ತಿಲ್ಲ ಎಂದು ಕೇಂದ್ರ ಹೇಳಿದಾಗ, 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತರಾಟೆಗೆ ತೆಗೆದುಕೊಂಡಿತು. ಸದನದಲ್ಲಿ ಗೆದ್ದ ಕಾನೂನು ಕಡತದಲ್ಲಿ ಸೋಲುವುದೆಂದರೆ ಇದೇ.

ದರ ಗೊತ್ತುಮಾಡುವುದು ನಿಜಕ್ಕೂ ಕಷ್ಟದ ಕೆಲಸ, ಅದನ್ನು ಒಪ್ಪಿಕೊಳ್ಳಬೇಕು. ಲೆಕ್ಕಕ್ಕೆಂದು ಜಯನಗರದಲ್ಲಿ 30 ಹಾಸಿಗೆಯ ಒಂದು ನರ್ಸಿಂಗ್ ಹೋಮ್ ಇಟ್ಟುಕೊಳ್ಳೋಣ. ಬಾಡಿಗೆ, ಸಿಬ್ಬಂದಿಯ ಸಂಬಳ, ಕರೆಂಟು, ಯಂತ್ರಗಳ ಸಾಲದ ಕಂತು ಸೇರಿ ತಿಂಗಳಿಗೆ 30 ಲಕ್ಷ ರೂಪಾಯಿ. ರೋಗಿ ಬರಲಿ ಬಿಡಲಿ ಈ ಖರ್ಚು ತಪ್ಪದು. ನೂರಕ್ಕೆ 80 ಹಾಸಿಗೆ ತುಂಬಿದರೆ ತಿಂಗಳಿಗೆ 720 ಹಾಸಿಗೆ-ದಿನ, ಅಂದರೆ ದಿನಕ್ಕೆ ಸುಮಾರು 4,170 ರೂಪಾಯಿ. ಅರ್ಧ ಮಾತ್ರ ತುಂಬಿದರೆ 450 ಹಾಸಿಗೆ-ದಿನ, ವೆಚ್ಚ ಸುಮಾರು 6,670ಕ್ಕೆ ಏರುತ್ತದೆ. ಅದೇ ಕಟ್ಟಡ, ಅದೇ ನರ್ಸ್, ಅದೇ ಚಿಕಿತ್ಸೆ! ಸರ್ಕಾರ 5,000 ಎಂದು ಬರೆದರೆ ಮೊದಲನೆಯದು ಲಾಭದಲ್ಲಿರುತ್ತದೆ, ಎರಡನೆಯದು ಬಾಗಿಲು ಹಾಕುತ್ತದೆ. ಇಲ್ಲವೇ ಲ್ಯಾಬ್ ಟೆಸ್ಟು, ಔಷಧಿ, ಹೆಚ್ಚುವರಿ ದಿನಗಳ ಹೆಸರಲ್ಲಿ ಆ ಹಣವನ್ನು ತುಂಬಿಕೊಳ್ಳುತ್ತದೆ. ನಿಯಮ ಒಂದೇ ದರ ಎನ್ನದೆ ಶ್ರೇಣಿ ಎನ್ನುವುದು ಇದಕ್ಕೇ. ಆದರೆ ಶ್ರೇಣಿ ಕಟ್ಟಲು ಆಸ್ಪತ್ರೆಗಳ ಲೆಕ್ಕಪುಸ್ತಕ ಬೇಕು, ಅದನ್ನು ತೆರೆದು ತೋರಿಸಲು ಅವು ತಾವಾಗಿ ಮುಂದೆ ಬರುವುದಿಲ್ಲ.

ಕರ್ನಾಟಕಕ್ಕೆ 2007ರಿಂದಲೇ ತನ್ನದೇ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಿದೆ, ಎಲ್ಲರ ಬಾಯಲ್ಲಿ ಅದು ಕೆಪಿಎಂಇ. ಅದನ್ನು ತಿದ್ದುವ ಬಗ್ಗೆ ಸಲಹೆ ಕೊಡಲು ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ವಿಕ್ರಮ್‌ಜಿತ್ ಸೇನ್ ಸಮಿತಿಯ ವರದಿಯ ನಂತರ, 2017ರಲ್ಲಿ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಿದ್ದುಪಡಿ ತಂದರು. ಸರ್ಕಾರ ಗೊತ್ತುಮಾಡಿದ ದರ ಮೀರಿದರೆ ಮೂರು ವರ್ಷದವರೆಗೆ ಜೈಲು ಎಂದು ಮೂಲ ಮಸೂದೆಯಲ್ಲಿತ್ತು. ನವೆಂಬರ್‌ನಲ್ಲಿ ವೈದ್ಯರು ಬೀದಿಗಿಳಿದರು, ಬೆಂಗಳೂರಿನ ಖಾಸಗಿ ಒಪಿಡಿಗಳು ಬಾಗಿಲು ಹಾಕಿದವು. ಮುಖ್ಯಮಂತ್ರಿ ಸಿದ್ದರಾಮಯ್ಯ ಮಾತುಕತೆಗೆ ಕೂತರು. ಬೆಳಗಾವಿ ಅಧಿವೇಶನದಲ್ಲಿ ಪಾಸಾದ ರೂಪದಲ್ಲಿ ಹೆಚ್ಚು ದರಕ್ಕೆ ಜೈಲು ಇರಲಿಲ್ಲ, ಸರ್ಕಾರದ ದರ ಸರ್ಕಾರಿ ಯೋಜನೆಗಳ ರೋಗಿಗಳಿಗಷ್ಟೇ ಸೀಮಿತವಾಯಿತು. ಜೈಲಿನ ವಿಚಾರದಲ್ಲಿ ವೈದ್ಯರ ಆತಂಕ ನ್ಯಾಯವಾದದ್ದೇ. ಸಮಿತಿ ಹೇಳಿದಂತೆ ಸರ್ಕಾರಿ ಆಸ್ಪತ್ರೆಗಳನ್ನೂ ಸೇರಿಸಿ ಎಂಬ ಅವರ ಮಾತೂ ಸರಿ. ಆದರೆ ಜೈಲನ್ನು ಬಿಟ್ಟುಕೊಟ್ಟು ದರವನ್ನು ಉಳಿಸಿಕೊಳ್ಳಬಹುದಿತ್ತು. ಎರಡೂ ಒಟ್ಟಿಗೆ ಹೋದದ್ದು ರೋಗಿಗಾದ ನಷ್ಟ. ಹೀಗಾಗಲು ಕಾರಣ ಸರಳ: ನಷ್ಟವಾಗುವವರು ಸಂಘಟಿತರು, ಒಂದು ದಿನ ಒಪಿಡಿ ಮುಚ್ಚಿದರೆ ವಿಧಾನಸೌಧಕ್ಕೆ ಕೇಳಿಸುತ್ತದೆ. ಲಾಭವಾಗುವವರು ಮುಂದಿನ ವರ್ಷ ಕಾಯಿಲೆ ಬೀಳಲಿರುವವರು. ತಾವು ಯಾರೆಂದು ಅವರಿಗೇ ಗೊತ್ತಿಲ್ಲ, ಅವರಿಗೊಂದು ಸಂಘ ಎಲ್ಲಿಂದ ಬರಬೇಕು?

ಅಮೆರಿಕದಲ್ಲೂ ಬಿದ್ದದ್ದು ಇದೇ ಜಾತಿಯ ಕಲಮು. ಅಲ್ಲಿನ ಸೆನೆಟ್‌ನಲ್ಲಿ ಚರ್ಚೆ ಮುಗಿಸಲು 60 ಮತ ಬೇಕು. ಖಾಸಗಿ ವಿಮೆಯ ದರಕ್ಕೆ ಪೈಪೋಟಿ ಕೊಡಬೇಕಿದ್ದ ಸರ್ಕಾರಿ ವಿಮೆಯನ್ನು ಅರವತ್ತನೇ ಮತಕ್ಕಾಗಿ ಕೈಬಿಟ್ಟು, 2009ರ ಡಿಸೆಂಬರ್ 24ರಂದು 60-39ರಲ್ಲಿ ಒಬಾಮಾ ಆರೋಗ್ಯ ಮಸೂದೆಯನ್ನು ದಾಟಿಸಿದರು.

ಕೆಪಿಎಂಇಯಲ್ಲಿ ಉಳಿದುಕೊಂಡ ಕಲಮುಗಳು ಸಣ್ಣವಲ್ಲ. ತುರ್ತು ಚಿಕಿತ್ಸೆಗೆ ಅಡ್ವಾನ್ಸ್ ಕೊಡಲೇಬೇಕೆಂದು ಪಟ್ಟು ಹಿಡಿಯುವಂತಿಲ್ಲ. ಬಿಲ್ ಬಾಕಿಯಿದೆ ಎಂದು ಶವ ತಡೆಹಿಡಿಯುವಂತಿಲ್ಲ. ದರಪಟ್ಟಿ ಕಾಣುವಂತೆ ಹಾಕಿರಬೇಕು. ಮೀರಿದರೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ದೂರಿನ ಜೊತೆ ಎಸ್ಟಿಮೇಟ್ ಚೀಟಿ, ಬಿಡಿಬಿಡಿಯಾಗಿ ಬರೆದ ಬಿಲ್, ಡಿಸ್ಚಾರ್ಜ್ ಸಮ್ಮರಿ, ದರಪಟ್ಟಿಯ ಫೋಟೊ ಇಟ್ಟುಕೊಳ್ಳಿ. ಒಟ್ಟು ಮೊತ್ತ ಮಾತ್ರ ಇರುವ ಬಿಲ್ಲನ್ನು ಹಿಡಿದುಕೊಂಡು ಹೋದರೆ ಯಾವ ಸಾಲಿನಲ್ಲಿ ದರ ಮೀರಿದೆ ಎಂದು ತೋರಿಸಲಾಗುವುದಿಲ್ಲ, ಆದ್ದರಿಂದ ಡಿಸ್ಚಾರ್ಜ್‌ಗೆ ಮುಂಚೆಯೇ ಬಿಲ್ಲಿಂಗ್ ಕೌಂಟರಿನಲ್ಲಿ ಬಿಡಿ ಬಿಲ್ ಕೇಳಿ ಪಡೆಯಿರಿ.